ಶುಕ್ರವಾರದ ಇನ್ನೂರ ಎಂಬತ್ನಾಲ್ಕು

“ಸತ್ತವರ ಸುದ್ದೀನೂ ಪೂರ್ತಿ ಓದೋಕೆ ಬಿಡಲ್ವಲ್ಲ, ನೀವೆಂಥಾ ಮನುಷ್ಯ ರೀ!”

ಬಸೆಮೆರಾ ಟ್ರಾನ್ಸ್‌ಮಿಟರ್ ಕೋಣೆಯ ಬಾಗಿಲು ದೂಡಿಕೊಂಡೇ ಒಳಗೆ ಬಂದಿದ್ದಳು. ಮಧ್ಯಾಹ್ನ ಎರಡು ಗಂಟೆಗೆ ರೇಡಿಯೊದಲ್ಲಿ ಅವಳ ಪ್ರಕಟಣೆಗಳ ಹೊತ್ತು. ಫೋರ್ಟ್ ಪೋರ್ಟಲ್ ಊರಿನ ಸುತ್ತಲಿನ ಗುಡ್ಡಗಳಲ್ಲಿ ಯಾರು ತೀರಿಕೊಂಡರು, ಮಣ್ಣು ಎಷ್ಟು ಹೊತ್ತಿಗೆ, ಯಾರ ಹಸು ತಪ್ಪಿಸಿಕೊಂಡಿದೆ, ಎಲ್ಲವೂ ಜನಕ್ಕೆ ತಿಳಿಯುತ್ತಿದ್ದುದು ಅವಳ ದನಿಯಲ್ಲೇ. ಇವತ್ತು “ಮಣ್ಣು ನಾಳೆ” ಎನ್ನುತ್ತಿದ್ದಂತೆ ನಿಲಯ ಸ್ತಬ್ಧವಾಗಿತ್ತು. ಪೂರಾ ಎರಡು ನಿಮಿಷ. ವಾರದಲ್ಲಿ ಇದು ಮೂರನೇ ಸಲ.

“ಮೊನ್ನೆ ಒಬ್ಬಾಕೆ ಎಂಟು ಮೈಲಿ ನಡ್ಕೊಂಡು ಬಂದ್ಲು. ಅಷ್ಟರಲ್ಲಿ ಅವಳ ಅಕ್ಕನ್ನ ಮಣ್ಣು ಮಾಡಿಯಾಗಿತ್ತು. ಗಂಟೆ ಎಷ್ಟು ಅಂತ ಕೇಳಿಸ್ಲೇ ಇಲ್ವಂತೆ. ಅವಳಿಗೆ ಏನು ಹೇಳ್ಲಿ ನಾನು?”

ಎದಿಮು ಸ್ಕ್ರೂಡ್ರೈವರ್ ಕೆಳಗಿಟ್ಟ. ದೂರದ ಬಯಲು ಸೀಮೆಯ ಸೊರೋಟಿಯವನು. ಹೊಸ ಟ್ರಾನ್ಸ್‌ಮಿಟರನ್ನು ಭದ್ರಮಾಡಿ ಕೊಡಲೆಂದು ಮೂರು ತಿಂಗಳ ಮಟ್ಟಿಗೆ ಬಂದಿದ್ದ.

“ತಪ್ಪು ನಂದೇ, ಮೇಡಂ.”

ಅವಳ ಬಳಿ ಇನ್ನೂ ಹತ್ತು ಮಾತುಗಳಿದ್ದವು. ಅವನ್ನೆಲ್ಲ ಈಗ ಎಲ್ಲಿಡಬೇಕೋ ತೋಚಲಿಲ್ಲ.

“ಹಳೇದು ಸಿಡಿಲಿಗೆ ಸುಟ್ಟು ನಾಲ್ಕು ತಿಂಗಳು ನಿಮ್ಮ ದನಿ ಇರ್ಲಿಲ್ವಂತಲ್ಲ. ಆ ಹೆದರಿಕೇಲಿ ಈ ಪೆಟ್ಟಿಗೆ ಹಾಕ್ದೆ. ಕರೆಂಟು ಇನ್ನೂರ ಅರವತ್ತು ವೋಲ್ಟ್ ದಾಟಿದ್ರೆ ಸಾಕು, ಎಲ್ಲಾ ಆಫ್. ಆದ್ರೆ ಕೆಳಗೆ ಹಿಟ್ಟಿನ ಗಿರಣಿ ಮೋಟರು ನಿಂತಾಗೆಲ್ಲಾ ಲೈನು ಒಂದ್ಸಲ ಜಿಗಿಯುತ್ತೆ. ಪೆಟ್ಟಿಗೆ ಅದನ್ನೇ ಸಿಡಿಲು ಅಂದ್ಕೊಳ್ಳುತ್ತೆ.”

“ಮನೆ ನಾಯಿಗೆ ಕಳ್ಳ ಯಾರು, ನೆಂಟ ಯಾರು ಗೊತ್ತಾಗ್ಬೇಡ್ವಾ?”

ಅವನು ನಕ್ಕುಬಿಟ್ಟ. ನಗುವಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಬಸೆಮೆರಾ ಗೋಡೆಯ ಮೀಟರಿನತ್ತ ದೃಷ್ಟಿ ತಿರುಗಿಸಿದಳು.

“ನೆಂಟನ ಹೆಜ್ಜೆ ಎಷ್ಟು ಭಾರ ಅಂತ ಅಳೀಬೇಕು,” ಎಂದ. “ಸಹಾಯ ಮಾಡ್ತೀರಾ?”

ಹಾಗೆ ಶುರುವಾಯಿತು. ಬೆಳಿಗ್ಗೆ ಅವನು ಗುಡ್ಡ ಇಳಿದು ಗಿರಣಿಗೆ ಹೋಗುವುದು, ಮೋಟರು ನಿಂತ ಕೂಡಲೇ ಫೋನಿನಲ್ಲಿ ಹೇಳುವುದು. ಮೀಟರು ಎಷ್ಟಕ್ಕೆ ಜಿಗಿಯಿತೆಂದು ಅವಳು ನೋಡಿ ಹೇಳುವುದು.

“ನಿಂತಿತು. ಎಷ್ಟು?”

“ಇನ್ನೂರ ಎಂಬತ್ತೊಂದು.”

“ಇನ್ನೊಂದ್ಸಲ ಹೇಳಿ, ಗಿರಣಿ ಸದ್ದು.”

“ಗಿರಣಿ ನಿಂತಿತು ಅಂದ್ರಲ್ಲ? ಸದ್ದು ಎಲ್ಲಿಂದ?”

“ಜನ... ಜನ ಮಾತಾಡ್ತಿದ್ದಾರೆ.”

ಅವಳು ಫೋನನ್ನು ಎದೆಗೊತ್ತಿಕೊಂಡು ನಕ್ಕಳು. ನಕ್ಕದ್ದು ಅವನಿಗೆ ಕೇಳಿಸಬಾರದಿತ್ತು. ಕೇಳಿಸಿತು.

ಮೂರನೇ ದಿನಕ್ಕೆ ಅಳತೆ ಕೈಗೆ ಬಂತು. ಪೆಟ್ಟಿಗೆಯೊಳಗೆ ಕರೆಂಟು ಆಫ್ ಮಾಡುವ ಭಾಗ ತೆಗೆದು, ಅಂಗಿಯ ಗುಂಡಿಯಷ್ಟಗಲದ ನೀಲಿ ಬಿಲ್ಲೆಗಳನ್ನು ಸಾಲಾಗಿ ಬೆಸೆದ.

“ಗಿರಣಿಯ ಜಿಗಿತಕ್ಕೆ ಇವು ಮಿಸುಕಾಡಲ್ಲ. ಅದಕ್ಕಿಂತ ದೊಡ್ಡದು ಬಂದ್ರೆ ಮಾತ್ರ ಅದನ್ನ ನೆಲಕ್ಕೆ ಇಳಿಸಿಬಿಡ್ತವೆ. ನೀವು ಓದ್ತಾನೇ ಇರಬಹುದು.”

ಆ ಮಧ್ಯಾಹ್ನ ಗಿರಣಿ ಮೂರು ಸಲ ನಿಂತಿತು. ಅವಳ ಒಂದಕ್ಷರವೂ ಬಿದ್ದುಹೋಗಲಿಲ್ಲ. ಕೊನೆಯ ಪ್ರಕಟಣೆ ಓದಿ ತಲೆ ಎತ್ತಿದರೆ, ಗಾಜಿನಾಚೆ ಎದಿಮು ನಿಂತಿದ್ದ, ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ.

“ಆದ್ರೂ ಇನ್ನೂ ಕೆಲವು ದಿನ ಅಳೆದು ನೋಡೋದು ಒಳ್ಳೇದು,” ಎಂದ ಆಮೇಲೆ, ತನ್ನ ಬೂಟುಗಳನ್ನು ನೋಡುತ್ತ.

“ಹೌದೌದು. ಯಂತ್ರದ ವಿಷಯ,” ಎಂದಳು ಅವಳು ಬಹಳ ಗಂಭೀರವಾಗಿ.

ಅಂಕಿ ಹೇಳಲು ಒಂದು ಗಳಿಗೆ ಸಾಕಿತ್ತು. ಫೋನು ಅರ್ಧ ಗಂಟೆ ನಡೆಯುತ್ತಿತ್ತು. ಸೊರೋಟಿಯ ಬಯಲಲ್ಲಿ ಸೂರ್ಯ ಎಷ್ಟು ದೊಡ್ಡದಾಗಿ ಮುಳುಗುತ್ತಾನೆ, ಅವನ ಅಮ್ಮ ಶೇಂಗಾ ಅರೆದು ಹಾಕುವ ಸೊಪ್ಪಿನ ರುಚಿ, ಇಲ್ಲಿಯ ಚಳಿಗೆ ಅವನು ಎರಡೆರಡು ಸ್ವೆಟರ್ ಹಾಕಿ ಮಲಗುವುದು. ಶುಕ್ರವಾರವೂ ಅವನು “ನಿಂತಿತು, ಎಷ್ಟು?” ಎಂದ. ಮೀಟರು ಇನ್ನೂರ ನಲವತ್ತರಲ್ಲಿ ಅಲ್ಲಾಡದೆ ನಿಂತಿತ್ತು. ಅವಳು ಒಂದು ಕ್ಷಣ ತಡೆದು, “ಇನ್ನೂರ ಎಂಬತ್ನಾಲ್ಕು,” ಎಂದಳು.

ಶನಿವಾರ ರಾಗಿ ಹಿಟ್ಟು ಮಾಡಿಸಲು ಗಿರಣಿಗೆ ಹೋದಾಗ ಒಡತಿ ಕಟುಸಾಬೆ ಅಮ್ಮ ಗೊಣಗುತ್ತಿದ್ದಳು. “ನೀನೇ ಅದೃಷ್ಟವಂತೆ ಮಗಳೇ. ನಿನ್ನೆ ಬೆಲ್ಟು ತುಂಡಾಗಿ ಇಡೀ ದಿನ ಬೀಗ. ಆ ಸೊರೋಟಿಯವನೊಬ್ಬ ಮಾತ್ರ ಬಂದು ಮೆಟ್ಟಿಲ ಮೇಲೆ ಕೂತು ಫೋನಲ್ಲಿ ನಗ್ತಿದ್ದ. ಗಂಜಿ ಕೊಟ್ಟೆ, ಕುಡಿಯೋದನ್ನೂ ಮರೆತ.”

ಬಸೆಮೆರಾ ಹಿಟ್ಟಿನ ಚೀಲ ಮರೆತು ಅರ್ಧ ದಾರಿ ನಡೆದಿದ್ದಳು.

ಸೋಮವಾರ ಎರಡು ಗಂಟೆಗೆ ರ್‍ವೆನ್ಜೋರಿ ಬೆಟ್ಟದ ಕಡೆಯಿಂದ ಮೋಡ ಇಳಿಯಿತು. ಅವಳು ಓದುತ್ತಿದ್ದಳು. ಕಿಟಕಿ ಬೆಳ್ಳಗಾಯಿತು, ಗುಡ್ಡವೇ ಸೀಳಿದಂತೆ ಸದ್ದಾಯಿತು, ದೀಪ ಒಮ್ಮೆ ನಡುಗಿತು. ಮೈಕಿನ ಮೇಲಿನ ಕೆಂಪು ದೀಪ ಮಾತ್ರ ಆರಲಿಲ್ಲ. “ಮಣ್ಣು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ,” ಎಂದು ಓದಿದಳು. ಎರಡು ಸಲ ಓದಿದಳು.

ಮುಗಿದ ಮೇಲೆ ಓಡಿದಳು. ಎದಿಮು ಕರಕಲಾದ ಒಂದು ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದ.

“ಒಂದು ಹೋಯ್ತು. ಮಿಕ್ಕಿದ್ದೆಲ್ಲಾ ಕ್ಷೇಮ.” ನಿಧಾನವಾಗಿ ಹೇಳಿದ, “ಇದನ್ನ ಬದಲಾಯಿಸಿದ್ರೆ ನನ್ನ ಕೆಲಸ ಮುಗೀತು, ಮೇಡಂ. ಗುರುವಾರ ಬಸ್ಸು.”

ಅವಳು ಬಿಲ್ಲೆಯಿಂದ ಕಣ್ಣೆತ್ತಿದಳು.

“ಶುಕ್ರವಾರ ಗಿರಣಿ ಓಡಿತ್ತಾ?”

ಅವನ ಕೈ ಅಲ್ಲೇ ನಿಂತಿತು. “...ಇಲ್ಲ.”

“ಮತ್ತೆ ‘ನಿಂತಿತು’ ಅಂದ್ರಿ?”

“ನಿಂತೇ ಇತ್ತಲ್ಲ, ಬೆಳಿಗ್ಗೆಯಿಂದ.”

ಅವಳು ತುಟಿ ಕಚ್ಚಿದಳು. ಅಷ್ಟರಲ್ಲಿ ಅವನ ಹುಬ್ಬು ಮೇಲೇರಿತು. “ತಾಳಿ. ಮೋಟರೇ ಓಡದೆ ಇನ್ನೂರ ಎಂಬತ್ನಾಲ್ಕು ಎಲ್ಲಿಂದ ಬಂತು?”

“ಮೀಟರು ಕೆಟ್ಟಿರ್ಬೇಕು.”

“ಮೀಟರು ಕೆಟ್ಟಿಲ್ಲ.”

“ಹಾಗಾದ್ರೆ ನಾನೇ ಕೆಟ್ಟಿರ್ಬೇಕು,” ಎಂದಳು. ಕಿವಿಯವರೆಗೂ ಬಿಸಿಯೇರಿತ್ತು. “ಜಿಗೀಲಿಲ್ಲ ಅಂದಿದ್ರೆ ನೀವು ಫೋನ್ ಇಡ್ತಿದ್ರಿ.”

ಮಳೆ ತಗಡಿನ ಮೇಲೆ ಹುಯ್ಯುತ್ತಿತ್ತು. ಅವನು ಹತ್ತಿರ ಬಂದ. ಮುಟ್ಟಲಿಲ್ಲ.

“ಗುರುವಾರ ಹೋಗ್ಲೇಬೇಕಾ?” ಅವಳ ದನಿ ಮೈಕಿಲ್ಲದೆ ಬಹಳ ಸಣ್ಣದಾಗಿತ್ತು.

“ಹೋಗ್ಬೇಕು. ಅಮ್ಮನಿಗೆ ಹೇಳ್ಬೇಕು. ಚಿಕ್ಕಪ್ಪನ್ನ ಕರ್ಕೊಂಡು ಬರ್ಬೇಕು. ನಿಮ್ಮಪ್ಪನ ಮನೆಗೆ ನಾನೊಬ್ನೇ ಬಂದ್ರೆ ಚೆನ್ನಾಗಿರುತ್ತಾ?”

ಅವಳು ಗೋಡೆಯ ಮೀಟರನ್ನೇ ನೋಡುತ್ತ ನಿಂತಳು. ಅವನ ಮುಖ ಬಾಡತೊಡಗಿತು.

“ಹೆಣ್ಣು ಕೊಡೋಕೆ ಅಪ್ಪ ಹಸು ಕೇಳ್ತಾರೆ,” ಎಂದಳು ಕೊನೆಗೆ.

“ಕೇಳ್ಲಿ. ನಮ್ಮೂರಲ್ಲಿ ಹಸುಗಳಿವೆ.”

“ಬಯಲು ಸೀಮೆ ಹಸು ಈ ಗುಡ್ಡ ಹತ್ತುತ್ತಾ?”

“ನಾನು ಹತ್ತಿಲ್ವಾ?”

ಮಸಿ ಹಿಡಿದ ಅವನ ಬೆರಳುಗಳನ್ನು ಅವಳು ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು. ಮಳೆ ಬಿಡುವ ಲಕ್ಷಣವಿರಲಿಲ್ಲ. ಇಬ್ಬರಿಗೂ ಅವಸರವಿರಲಿಲ್ಲ.