ಮೂಗು ಸಿಂಡರಿಸಿದ ಜಾದೂಗಾರ

"ಆರ್ಯೆ, ತಮ್ಮ ಹಸ್ತವನ್ನು ದಯಪಾಲಿಸಬೇಕು!"

ಕಪ್ಪು ಮಖಮಲ್ಲಿನ ಉದ್ದ ಕೋಟು, ಎದೆಯವರೆಗೆ ಅಂಟಿಸಿದ ಗಡ್ಡ. ಜಾದೂಗಾರ ಅವಳ ಮುಂದೆ ಸೊಂಟ ಬಗ್ಗಿಸಿ ನಿಂತಿದ್ದ. ಇಡೀ ಭೋಜನಶಾಲೆ ಅವಳತ್ತ ತಿರುಗಿತು.

ಅವಳು ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಳು.

"ಕೊಡೇ ಪುಟ್ಟಿ, ಎಲ್ಲ ನೋಡ್ತಿದ್ದಾರೆ," ಚಿಕ್ಕಮ್ಮ ಮೊಣಕೈಯಿಂದ ತಿವಿದಳು.

ಅಷ್ಟು ಹೊತ್ತಿಗೆ ಅವನು ನಾಲ್ಕಾರು ಜನರ ಅಂಗೈ ಮೂಸಿ ಅವರವರ ಕಸುಬು ಹೇಳಿಬಿಟ್ಟಿದ್ದ. ಒಬ್ಬ ದಪ್ಪ ಮನುಷ್ಯನ ಕೈ ಮೂಸಿ "ಗೋಧಿಹಿಟ್ಟು, ಬೆಣ್ಣೆ... ತಾವು ಬೇಕರಿಯವರು!" ಎಂದಿದ್ದ. ಒಬ್ಬಾಕೆಯ ಬೆರಳಲ್ಲಿ ಸೀಮೆಸುಣ್ಣ ಕಂಡುಹಿಡಿದಿದ್ದ. ಪ್ರತಿ ಸಲವೂ ಚಪ್ಪಾಳೆ ಬಿದ್ದಿತ್ತು.

ಬೇಡ... ನನ್ನ ಕೈ ಮಾತ್ರ ಬೇಡ...

ಆದರೆ ಅವನು ಆಗಲೇ ಅವಳ ಕೈ ಹಿಡಿದು ಮೂಗಿನ ಹತ್ತಿರ ತಂದಿದ್ದ. ಒಂದು ಕ್ಷಣ ಅವನ ಕಣ್ಣು ಮೇಲೆದ್ದು ಅವಳ ಕಣ್ಣನ್ನು ನೋಡಿತು. ಏನೋ ಹೇಳಹೊರಟವನು ತಡೆದುಕೊಂಡ.

ಆಮೇಲೆ... ಮೂಗು ಸಿಂಡರಿಸಿದ!

ಕೈ ಬಿಟ್ಟ. ಬೆನ್ನು ತಿರುಗಿಸಿದ. ಪರದೆಯ ಹಿಂದಿನಿಂದ ಪಿಟೀಲು ಶುರುವಾಯಿತು.

"ಅಯ್ಯೋ, ಅದೆಂಥಾ ವಾಸನೇನೋ ಪಾಪ!" ಹಿಂದಿನ ಮೇಜಿನಿಂದ ಯಾರೋ ಅಂದರು. ಭೋಜನಶಾಲೆಯ ತುಂಬ ನಗು.

ಅವಳ ಕಿವಿ ಸುಟ್ಟುಹೋದ ಹಾಗಾಯಿತು.

ನಗರದ ಕೊಳಚೆನೀರು ಶುದ್ಧಮಾಡುವ ಘಟಕದಲ್ಲಿ ಅವಳು ಕೆಮಿಸ್ಟ್. ಇಡೀ ಊರು ಮೂಗು ಮುಚ್ಚಿಕೊಂಡು ದಾಟುವ ಆ ಗೇಟಿನೊಳಗೆ ಅವಳು ದಿನವೂ ಬಾಟಲಿಗಳಲ್ಲಿ ಆ ನೀರನ್ನು ತುಂಬಿ, ಅಲುಗಿಸಿ, ಪರೀಕ್ಷೆ ಮಾಡುತ್ತಾಳೆ. ಒಂದು ಕಡೆಯಿಂದ ಕಪ್ಪಗೆ ಬಂದ ನೀರು ಇನ್ನೊಂದು ಕಡೆಯಿಂದ ತಿಳಿಯಾಗಿ ಹೊಳೆಗೆ ಸೇರುವುದನ್ನು ನೋಡಿದರೆ ಇವತ್ತಿಗೂ ಅವಳಿಗೆ ಖುಷಿ. ಮನೆಗೆ ಹೊರಡುವ ಮುಂಚೆ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಾಳೆ. ಆದರೂ ಅವಳನ್ನು ನೋಡಲು ಬಂದಿದ್ದ ಒಬ್ಬ ಗಂಡಿನ ತಾಯಿ, ಅವಳು ಕೊಟ್ಟ ನೀರಿನ ಲೋಟವನ್ನು ತುಟಿಗೆ ತಾಗಿಸದೆ ಹಾಗೇ ಕೆಳಗಿಟ್ಟಿದ್ದಳು.

ಈಗ ಬಂದಿದ್ದ ಸಂಬಂಧ ಒಬ್ಬ ಲೆಕ್ಚರರದು. ಒಳ್ಳೆಯ ಜನ. ಒಂದೇ ಷರತ್ತು: ಆ ಕೆಲಸ ಬಿಡಬೇಕು. ಬೆಳಗಾದರೆ ಉತ್ತರ ಹೇಳಬೇಕಿತ್ತು. ಯೋಚನೆ ಮಾಡಿ ಮಾಡಿ ಸೊರಗಿದ ಹುಡುಗಿಯ ಮನಸ್ಸು ಹಗುರಾಗಲಿ ಎಂದು ಚಿಕ್ಕಮ್ಮ ಅವಳನ್ನು ಇಲ್ಲಿಗೆ ಕರೆತಂದಿದ್ದಳು. ಕುದುರೆಗಾಡಿಗಳ ಕಾಲದ ಹಳೆಯ ವಸತಿಗೃಹ. ಊಟದ ಜೊತೆ ಆ ಕಾಲದ ನಾಟಕ, ನಾಟಕದ ನಡುವೆ ಜಾದೂ. ಬಂದವರೂ ಆ ಕಾಲದ ಬಟ್ಟೆಯನ್ನೇ ಹಾಕಿಕೊಳ್ಳಬೇಕು.

ಮನಸ್ಸು ಹಗುರಾಗುವುದಿರಲಿ, ಬಂದಾಗಿನಿಂದ ಎಲ್ಲಿ ಮುಟ್ಟಿದರೂ ಅವಳಿಗೆ ಅಸಹ್ಯ.

ಬಾಡಿಗೆಯ ಗೌನಿನ ಕಾಲರಿನಲ್ಲಿ ಯಾರದೋ ಪೌಡರು, ಯಾರದೋ ಬೆವರು. ಮೇಜಿನ ಮೇಲೆ ಬೇಕೆಂದೇ ಬಳಿದ ಜಿಡ್ಡು. ಬ್ರೆಡ್ಡಿನ ಬುಟ್ಟಿಯೊಳಗೆ ರಬ್ಬರಿನ ಇಲಿ! ಅದಕ್ಕಿಂತ ಹೆಚ್ಚಾಗಿ, ಮೇಜಿಗೊಂದೇ ಹಿತ್ತಾಳೆಯ ಬಟ್ಟಲು. ಆ ಕಾಲದಲ್ಲಿ ಹಾಗೇ ಕುಡಿಯುತ್ತಿದ್ದರಂತೆ, ಒಬ್ಬರಾದ ಮೇಲೆ ಒಬ್ಬರು. ಪಕ್ಕದ ಮೀಸೆಯವನು ಸೂಪು ಅಂಟಿದ ಮೀಸೆಯನ್ನು ಅದರಲ್ಲಿ ಅದ್ದಿ ಬಟ್ಟಲನ್ನು ಅವಳ ಕಡೆ ನೂಕಿದಾಗ ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು.

ಎಂಜಲು! ಕೊಳಕಿನ ಆಟ ಆಡೋಕೆ ಇವರಿಗೆ ಖುಷಿ. ನಿಜವಾದ ಕೊಳಕು ತೊಳೆಯೋಳನ್ನ ಕಂಡ್ರೆ ಮಾತ್ರ ವಾಕರಿಕೆ!

ಬಡಿಸುತ್ತಿದ್ದ ಹೆಂಗಸು ಅವಳ ಮುಖ ನೋಡಿದಳು. ಏನೂ ಕೇಳದೆ, ತೊಳೆದ ಗಾಜಿನ ಲೋಟವೊಂದನ್ನು ತಂದು ಅವಳ ತಟ್ಟೆಯ ಮರೆಯಲ್ಲಿ ಇಟ್ಟು ಹೋದಳು. ಆ ಇಡೀ ಊಟದಲ್ಲಿ ಅವಳ ಬಾಯಿಗೆ ಸೇರಿದ್ದು ಆ ಲೋಟದ ನೀರೊಂದೇ.

ನಗು ಇನ್ನೂ ನಿಂತಿರಲಿಲ್ಲ. ಅವಳು ಎದ್ದು ನೇರವಾಗಿ ಬಟ್ಟೆಕೋಣೆಗೆ ನಡೆದಳು. ಚಿಕ್ಕಮ್ಮ ಏದುಸಿರು ಬಿಡುತ್ತ ಹಿಂದೆಯೇ ಬಂದಳು.

"ಪುಟ್ಟಿ, ಅದು ತಮಾಷೆ ಕಣೇ..."

"ಅವರಿಗೆ ಫೋನ್ ಮಾಡಿ ಹೇಳ್ಬಿಡು ಚಿಕ್ಕಮ್ಮ. ಕೆಲಸ ಬಿಡ್ತೀನಿ." ಅವಳು ಚೂಡಿದಾರದ ಮೇಲೆ ತೊಟ್ಟಿದ್ದ ಗೌನನ್ನು ಎಳೆದು ತೆಗೆದಳು. "ಗಡ್ಡ ಅಂಟಿಸ್ಕೊಂಡಿರೋ ಕೋಡಂಗಿಗೂ ನನ್ನ ಕೈ ಅಸಹ್ಯ ಆಯ್ತಲ್ಲ. ಸಾಕು!"

"ಆರ್ಯೆ, ಭೋಜನ ಮುಗಿಯುವ ಮುನ್ನವೇ ನಿರ್ಗಮನವೇ?"

ಬಾಗಿಲಲ್ಲಿ ಜಾದೂಗಾರ!

"ನಿಲ್ಸ್ರೀ ನಿಮ್ಮ ನಾಟಕಾನ!" ಅವಳು ಕಿರುಚಿದಳು. "ನಾಚಿಕೆ ಆಗಲ್ವಾ ನಿಮಗೆ?"

ಬಂದವರಿಗೆ ವೇಷ ತೊಡಿಸುವ ಬಟ್ಟೆಕೋಣೆಯ ಅಕ್ಕ ಮಡಿಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು. ಕೊನೆಯ ಮೇಜಿನವರು ಏಳುವವರೆಗೆ ಯಾರೂ ವೇಷದ ಮಾತು ಬಿಡಬಾರದು ಎಂಬುದು ಆ ವಸತಿಗೃಹದ ಕಟ್ಟಳೆ. ಜಾದೂಗಾರ ಒಮ್ಮೆ ಭೋಜನಶಾಲೆಯತ್ತ ನೋಡಿದ. ಬಳಿಕ ಗಡ್ಡ ಹಿಡಿದು ಕಿತ್ತ. ಗಲ್ಲ ಕೆಂಪಗಾಯಿತು.

"ನಾನು ಮೂಗು ಸಿಂಡರಿಸಿದ್ದು ನಿಮಗಲ್ಲ ಮೇಡಂ. ಪಿಟೀಲಿನವನಿಗೆ."

"ಏನು?"

"ಜಾದೂ ಮಾಡೋರ ಕೈ ಮೇಲೆ ಎಲ್ಲರ ಕಣ್ಣಿರುತ್ತೆ. ಕೈಯಲ್ಲಿ ಸನ್ನೆ ಮಾಡೋಕಾಗಲ್ಲ. ವಾಸನೆ ನೋಡೋ ಆಟದಲ್ಲಿ ಮೂಗು ಅಲುಗಿದ್ರೆ ಯಾರಿಗೂ ಅನುಮಾನ ಬರಲ್ಲ ಅಂತ ಅದನ್ನೇ ಗುರುತು ಮಾಡ್ಕೊಂಡ್ವಿ. ಇವರ ವಿಷಯ ಬೇಡ, ಮುಂದಿನ ಹಾಡು ಬಾರಿಸು ಅಂತ ಅದರ ಅರ್ಥ. ಎದುರಿಗಿರೋರಿಗೆ ಅದು ಹೇಗೆ ಕಾಣುತ್ತೆ ಅಂತ ನಮ್ಮಲ್ಲೊಬ್ಬರಿಗೂ ಹೊಳೀಲೇ ಇಲ್ಲ... ತಪ್ಪಾಯ್ತು."

"ನನ್ನ ವಿಷಯ ಯಾಕೆ ಬೇಡ?"

ಅವನು ಬಟ್ಟೆಕೋಣೆಯ ಅಕ್ಕನ ಕಡೆ ನೋಡಿದ. ಅಕ್ಕ ಸೆರಗು ಸರಿಮಾಡಿಕೊಂಡಳು.

"ಬಟ್ಟೆ ತೊಡಿಸೋವಾಗ ಮಾತಾಡಿಸಿ ಯಾರೇನು ಕೆಲಸ ಅಂತ ತಿಳ್ಕೊಂಡು ಇವರಿಗೆ ಹೇಳೋದು ನಾನೇ ಕಣಮ್ಮ. ನಿಮ್ಮ ಚಿಕ್ಕಮ್ಮ ಎಲ್ಲಾ ಹೇಳಿದ್ರು... ಆ ಗಂಡಿನ ತಾಯಿ ಲೋಟ ಕೆಳಗಿಟ್ಟ ಕಥೆನೂ."

"ಚಿಕ್ಕಮ್ಮಾ!"

"ಅವರು ಅಷ್ಟು ಅಕ್ಕರೆಯಿಂದ ಕೇಳಿದ್ರು ಕಣೇ," ಚಿಕ್ಕಮ್ಮ ತಲೆ ತಗ್ಗಿಸಿದಳು.

"ಅದನ್ನ ಹೇಳಿದ್ರೆ ಜನ ನಗ್ತಿದ್ರು," ಅವನು ಮೆಲ್ಲಗೆ ಅಂದ. "ಹೇಳಬಾರದು ಅನ್ನಿಸ್ತು. ಹೇಳದೇನೂ ನಗಿಸ್ಬಿಟ್ಟೆ."

ಅವಳು ನಂಬಲಿಲ್ಲ. "ನಿಜ ಹೇಳಿ. ನನ್ನ ಕೈ ವಾಸನೆ ಬರಲಿಲ್ವಾ?"

"ನನಗೆ ಯಾವ ವಾಸನೇನೂ ಬರಲ್ಲ. ಹಿಂದೊಮ್ಮೆ ಜ್ವರ ಬಂದಾಗ ಹೋಗಿದ್ದು, ತಿರುಗಿ ಬರಲೇ ಇಲ್ಲ."

"ವಾಸನೆ ಬರದೋರು ವಾಸನೆ ಹಿಡಿಯೋ ಜಾದೂಗಾರರಾ!"

"ನಿಜ ಕಣಮ್ಮ," ಅಕ್ಕ ನಡುವೆ ಬಾಯಿ ಹಾಕಿದಳು. "ಮೊನ್ನೆ ಜೇಬಲ್ಲಿ ಮೊಟ್ಟೆ ಒಡೆದು ಕೊಳೆತು ನಾರ್ತಿದ್ರೂ ಗೊತ್ತಿಲ್ದೆ ಆಟ ಮುಗಿಸಿದ್ರು. ಮುಂದಿನ ಸಾಲಿನೋರು ಎದ್ದು ಹಿಂದೆ ಹೋಗಿ ಕೂತ್ರು, ಪಾಪ!"

"ಅಕ್ಕಾ! ನನಗೆ ಯಾಕೆ ಹೇಳ್ಲಿಲ್ಲ?"

"ಹೇಗಪ್ಪಾ ಹೇಳೋದು? ಬೇಜಾರು ಮಾಡ್ಕೋತೀಯ ಅಂತ..."

ಅವಳು ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ಆ ಮುಖದಲ್ಲಿದ್ದ ಅಂಜಿಕೆ ಅವಳಿಗೆ ಚೆನ್ನಾಗಿ ಪರಿಚಯದ್ದು. ಬಸ್ಸಿನಲ್ಲಿ ಪಕ್ಕದವರು ಸರಿದು ಕೂತಾಗಲೆಲ್ಲ ಅವಳೊಳಗೆ ಏಳುವ ಅದೇ ಅಂಜಿಕೆ. ನನ್ನಿಂದಲೇನಾ...?

"ಈ ಕೋಟೂ ನಾರ್ತಿದೆ," ಅವಳಂದಳು.

"ಹೌದಾ! ತುಂಬಾನಾ?"

"ಪಾರಿವಾಳದ ಹಿಕ್ಕೆ. ಒಳಗಿನ ಜೇಬಲ್ಲಿರಬೇಕು. ಅದರ ಮೇಲೆ ಅತ್ತರು ಸುರಿದಿದ್ದೀರಿ, ಅದು ಇನ್ನೂ ಅಸಹ್ಯ."

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ಜಾದೂಗಾರ ಮಾತ್ರ ವರ ಸಿಕ್ಕಿದವನ ಹಾಗೆ ಮುಖವರಳಿಸಿದ.

"ಥ್ಯಾಂಕ್ಸ್ ಮೇಡಂ! ಬೇರೆ ಇನ್ನೇನಾದ್ರೂ ಇದ್ಯಾ?"

ಅವಳಿಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿದಳು, ಆಗಲಿಲ್ಲ.

ಮರುದಿನ ಚಿಕ್ಕಮ್ಮ ಫೋನ್ ಮಾಡಿ ತಿಂಗಳ ಕೊನೆಯವರೆಗೆ ಸಮಯ ಕೇಳಿದಳು. ಲೆಕ್ಚರರ ಮನೆಯವರು ಒಪ್ಪಿಕೊಂಡರು.

ಆ ಶನಿವಾರ ಅವಳು ಏಕೆ ಮತ್ತೆ ವಸತಿಗೃಹದ ಹಿಂಬಾಗಿಲಿಗೆ ಹೋದಳೋ ಅವಳಿಗೇ ತಿಳಿಯಲಿಲ್ಲ. ಅವನು ಒಗೆದ ಕೋಟನ್ನು ಮುಂದೆ ಹಿಡಿದು, ಪರೀಕ್ಷೆಗೆ ಕೂತ ಹುಡುಗನ ಹಾಗೆ ನಿಂತ.

"ಇವತ್ತು ಹೇಗಿದೆ?"

ಅವಳು ಬಗ್ಗಿ ಮೂಸಿದಳು. "ಕೋಟು ಪಾಸು. ಬೂಟು ಫೇಲು. ಛೀ, ಸತ್ತ ಇಲಿ ಇಟ್ಕೊಂಡಿದ್ದೀರಾ ಅದರೊಳಗೆ?"

"ಇಲಿ ರಬ್ಬರಿಂದು ಮೇಡಂ. ಕಾಲು ನಂದೇ."

ಆಮೇಲೆ ಪ್ರತಿ ಶನಿವಾರ ಅವನು ಅವಳನ್ನು ಕಾದ ಹಾಲಿನ ಪರಿಮಳ ಹೇಗಿರುತ್ತದೆ, ಮಳೆ ಬಿದ್ದ ಮಣ್ಣು ಹೇಗೆ ಘಮ್ಮೆನ್ನುತ್ತದೆ ಎಂದು ಕೇಳುತ್ತಿದ್ದ. ಮರೆತುಹೋಗುತ್ತಿದೆಯಂತೆ. ಅವಳು ವಿವರಿಸುತ್ತಿದ್ದಳು. ಇಷ್ಟು ದಿನ ಯಾರೂ ಅವಳ ಮೂಗನ್ನು ನಂಬಿ ಏನನ್ನೂ ಕೇಳಿರಲಿಲ್ಲ. ಶನಿವಾರ ಯಾವಾಗ ಬರುತ್ತದೋ ಎಂದು ಅವಳು ಸೋಮವಾರದಿಂದಲೇ ಕಾಯತೊಡಗಿದಳು.

ಆದರೂ ಒಂದು ಮುಳ್ಳು ಒಳಗೇ ಚುಚ್ಚುತ್ತಿತ್ತು.

ಒಂದು ಸಂಜೆ ಅವನು ಅವಳ ಕೈ ಹಿಡಿದು, "ನನ್ನನ್ನ ಮದುವೆ ಆಗ್ತೀರಾ?" ಎಂದಾಗ ಅವಳು ಕೈ ಎಳೆದುಕೊಂಡಳು.

"ನಿಮಗೆ ವಾಸನೆ ಬರಲ್ಲ. ಅದಕ್ಕೇ ನನ್ನ ಕೈ ಹಿಡಿಯೋಕೆ ಆಗುತ್ತೆ. ಬರ್ತಿದ್ದಿದ್ರೆ...? ಏನೂ ಕಷ್ಟ ಇಲ್ದೇ ಬಂದ ಪ್ರೀತೀನ ಹೇಗ್ರೀ ನಂಬೋದು?"

"ಹಾಗಾದ್ರೆ ನಿಮ್ಮ ಕೆಲಸ ತೋರಿಸಿ," ಅವನೆಂದ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಅವನು ಘಟಕದ ಗೇಟಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ!

ಮೊದಲನೆಯದು ಜಾಲರಿಯ ಕಟ್ಟೆ. ಊರೆಲ್ಲ ಬಿಟ್ಟದ್ದು ಬಂದು ಸಿಕ್ಕಿಕೊಳ್ಳುವ ಜಾಗ. ಅವನು ಆರಾಮವಾಗಿ ಕಂಬಿ ಹಿಡಿದು ಬಗ್ಗಿ ನೋಡಿದ.

ಕಪ್ಪು ನೊರೆ. ಅದರ ಮೇಲೆ ಕೂದಲಿನ ಉಂಡೆಗಳು, ಹಳದಿ ಜಿಡ್ಡಿನ ಮುದ್ದೆ, ಊದಿಕೊಂಡ ಏನೋ ಒಂದು ಪ್ರಾಣಿ. ಯಂತ್ರದ ಹಲ್ಲುಗಳು ಎಲ್ಲವನ್ನೂ ಬಾಚಿ ಮೇಲೆತ್ತಿ, ಪಚಕ್ಕನೆ ಬೀಳಿಸಿದವು. ಆ ಪ್ರಾಣಿಯ ಹೊಟ್ಟೆ ಒಡೆಯಿತು.

ಅವನ ಮುಖ ಬಿಳುಚಿತು.

"ಏನಾಯ್ತು? ನಿಮಗೆ ವಾಸನೆ..."

"ಕಣ್ಣಿದೆಯಲ್ರೀ!" ಎಂದವನೇ ಬಾಯಿ ಮುಚ್ಚಿಕೊಂಡು ಪಂಪ್ ಮನೆಯ ಹಿಂದಕ್ಕೆ ಓಡಿದ.

ಅವನು ವಾಂತಿ ಮಾಡುವ ಸದ್ದು ಕೇಳುತ್ತ ಅವಳು ಕಲ್ಲಿನ ಹಾಗೆ ನಿಂತಳು. ಆಯ್ತಲ್ಲ... ಅಸಹ್ಯ ಆಯ್ತಲ್ಲ. ಇನ್ನು ಆ ಕಡೆಯಿಂದಲೇ ಗೇಟು ದಾಟಿ ಹೋಗ್ತಾರೆ. ಹೋಗಲಿ...

ಕಣ್ಣು ಮಂಜಾಯಿತು. ಆಗಲೇ ಫೋನು ಹೊಡೆದುಕೊಂಡಿತು.

"ಪುಟ್ಟಿ, ಲೆಕ್ಚರರ ಮನೆಯೋರು ಇನ್ನೊಂದು ಲೈನಲ್ಲಿದ್ದಾರೆ ಕಣೇ. ಏನು ಹೇಳ್ಲಿ?" ಚಿಕ್ಕಮ್ಮ.

ಅವಳು ಫೋನನ್ನು ಕಿವಿಯಿಂದ ಕೆಳಗಿಳಿಸಿದಳು.

ಪಂಪ್ ಮನೆಯ ಮೂಲೆಯಿಂದ ಅವನು ಬಂದ. ಕಣ್ಣಲ್ಲಿ ನೀರು, ಬಿಳಿ ಅಂಗಿಯ ಮೇಲೆ ಕಲೆ. ಗೇಟು ಅವನ ಬೆನ್ನ ಹಿಂದೆ ತೆರೆದೇ ಇತ್ತು. ಅವನು ಸೀದಾ ಅವಳ ಹತ್ತಿರ ಬಂದು ನಿಂತ.

"ಇದನ್ನ ದಿನಾ ನೋಡ್ತೀರಾ?"

"ಹೂಂ."

"ಅಸಹ್ಯ ಆಗಲ್ವಾ?"

"ಆಗುತ್ತೆ... ದಿನಾ ಆಗುತ್ತೆ," ಅವಳಂದಳು. ಇದನ್ನು ಅವಳು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. "ಆದ್ರೂ ಬರ್ತೀನಿ."

"ನನಗೂ ಆಯ್ತು," ಅವನು ತೋಳಿನಿಂದ ಬಾಯಿ ಒರೆಸಿಕೊಂಡ. "ನಾನೂ ಬಂದೆ."

ಫೋನಿನಲ್ಲಿ ಚಿಕ್ಕಮ್ಮ ಕೂಗುತ್ತಿದ್ದಳು. "ಹಲೋ? ಪುಟ್ಟಿ? ಏನು ಹೇಳ್ಲೇ?"

"ಕೆಲಸ ಬಿಡಲ್ಲ ಅಂತ ಹೇಳು ಚಿಕ್ಕಮ್ಮ."

"ಮತ್ತೆ ಮದುವೆ?"

"ಅದು ಬೇರೆ ಕಡೆ ಗೊತ್ತಾಯ್ತು!"

ಅವಳು ತನ್ನ ನೀರಿನ ಬಾಟಲಿಯನ್ನು ಅವನಿಗೆ ಕೊಟ್ಟಳು. ಅವನು ಬಾಯಿ ಮುಕ್ಕಳಿಸಿದ. ಉಳಿದ ನೀರನ್ನು ಬಾಯಿಗಿಟ್ಟು ಕುಡಿಯಲು ಹೋದವನು, ಅವಳಿಗೆ ಎಂಜಲಾದೀತೆಂದು ತಡೆದುಕೊಂಡ. ಅವಳು ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡು, ತಾನು ಕಚ್ಚಿಕೊಂಡು ಒಂದು ಗುಟುಕು ಕುಡಿದು, ತಿರುಗಿ ಅವನ ಕೈಗಿಟ್ಟಳು.

ಅವನು ಉಳಿದದ್ದನ್ನು ಕುಡಿದು ಮುಗಿಸಿದ.

"ಇನ್ನೂ ಮೂರು ತೊಟ್ಟಿ ಇವೆ," ಅವಳಂದಳು, ಕಣ್ಣೊರೆಸಿಕೊಳ್ಳುತ್ತ. "ಮುಂದಿನದು ಇದಕ್ಕಿಂತ ಕೆಟ್ಟದಾಗಿದೆ."

"ಜೊತೆಗೆ ಇರ್ತೀರಾ?"

"ಇರ್ತೀನಿ."

"ಮತ್ತೆ ವಾಂತಿ ಆದ್ರೆ?"

"ಬೆನ್ನು ಸವರ್ತೀನಿ... ನಡಿ."