ಮಣ್ಣಿಲ್ಲದ ಟಮಾಟಿಗೆ ಚರಗ

ಆ ಹಾಲಸ್ವಾಮಿಯನ್ನು ಮನೆಗೆ ಕರೆದುಕೊಂಡು ಬಂದವನು ನಾನೇ. ಇನ್ನು ಯಾರನ್ನು ಬೈಯಲಿ?

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ನಾನು ಆದೋನಿಯಲ್ಲಿ ಹತ್ತಿಬೀಜ ಬಿಡಿಸುವ ಜಿನ್ನು ಕಾರ್ಖಾನೆಯ ಫಿಟ್ಟರ್. ನನ್ನ ಹೆಂಡತಿ ಹುಲುಗಮ್ಮ ಕೌತಾಳಂ ಕಡೆಯ ಹೊಲದಲ್ಲಿ ಬೆಳೆದವಳು. ನಮ್ಮ ಬಾಡಿಗೆ ಮನೆಯ ಅಂಗಳ ನೋಡಿದ ದಿನವೇ ಅವಳ ಮುಖ ಸಣ್ಣಗಾಗಿತ್ತು. ಅಂಗಳವೆಲ್ಲ ಬಂಡೆಗಲ್ಲು, ಒಂದು ಮೆಣಸಿನ ಗಿಡ ಹಚ್ಚಲು ಹಿಡಿ ಮಣ್ಣಿಲ್ಲ. ಇದನ್ನು ಕೃಷಿ ಇಲಾಖೆಯ ಹಾಲಸ್ವಾಮಿಗೆ ಹೇಳಿದ್ದೇ ತಪ್ಪಾಯಿತು.

“ಮಣ್ಣು ಯಾಕ ಬೇಕು ಯಂಕಣ್ಣ? ಯುದ್ಧದಾಗ ಸೋಲ್ಜರ್‌ಗಳಿಗೆ ಬರೇ ಜಲ್ಲಿಕಲ್ಲು, ನೀರಿನಾಗ ಟಮಾಟಿ ಬೆಳದು ಕೊಟ್ರಂತ. ಇಂಗ್ಲಿಷ್ ಪುಸ್ತಕ ಐತಿ ನನ್ನ ಹತ್ರ,” ಎಂದ.

ಪೆಟ್ಟಿಗೆ ಮಾಡಿದವನು ನಾನು. ಹಲಗೆ ಜೋಡಿಸಿ, ಒಳಗೆ ಡಾಂಬರು ಬಳಿದು, ತಳಕ್ಕೆ ತೂತು ಕೊರೆದು, ಅದರ ಕೆಳಗೆ ಖಾಲಿ ಸೀಮೆಎಣ್ಣೆ ಡಬ್ಬ ಇಟ್ಟವನೂ ನಾನು. ತೊಳೆದ ಜಲ್ಲಿಕಲ್ಲು ತುಂಬಿ ಸಸಿ ನೆಟ್ಟೆವು. ಗೊಬ್ಬರದ ಪುಡಿ ಕಲಸಿದ ನೀರನ್ನು ದಿನಕ್ಕೆ ಮೂರು ಸಲ ಮೇಲೆ ಸುರಿಯಬೇಕು, ಅದು ಬಸಿದು ಡಬ್ಬಕ್ಕೆ ಇಳಿಯುತ್ತದೆ, ಮತ್ತೆ ಅದನ್ನೇ ಸುರಿಯಬೇಕು. ಇಷ್ಟೇ ಕೆಲಸ. ಆದರೆ ಪುಡಿ ಕೊಡುವ ನೆಪದಲ್ಲಿ ಹಾಲಸ್ವಾಮಿ ವಾರಕ್ಕೆರಡು ಸಲ ಬರತೊಡಗಿದ. ಇಸ್ತ್ರಿ ಮಾಡಿದ ಕೋಟು ಬೇರೆ!

ಓಣಿಯ ಗಂಡಸರೆಲ್ಲ ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಾರೆ. ಇವನೊಬ್ಬ ಹೆಸರು ಹಿಡಿದು ಕರೆಯುತ್ತಿದ್ದ.

“ಹುಲುಗಮ್ಮಾರ, ನಿಮ್ಮ ಕೈಗುಣ ಭಾಳ ಚಲೋ ಐತಿ ನೋಡ್ರಿ.”

ಅವಳು ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿ ನಕ್ಕಳು. ಮೇಲಿನ ಚಿಗುರನ್ನು ಬಾಗಿಸಿ ಅವನಿಗೆ ತೋರಿಸುವಾಗ ಬಳೆಗಳು ಘಲ್ಲೆಂದು ಮೊಣಕೈಗೆ ಜಾರಿದವು. ಅಂಥ ನಗು ನನಗೆ ಸಿಕ್ಕು ಎಷ್ಟು ದಿನವಾಗಿತ್ತು!

“ಏನ್ರಿ, ಮಾರಿ ಯಾಕ ಹಂಗ ಮಾಡೀರಿ?” ಅವನು ಹೋದ ಮೇಲೆ ಕೇಳಿದಳು.

“ನನ್ನ ಮಾರಿ ಇರೋದ ಹಿಂಗ.”

“ಮದಿವ್ಯಾಗ ಹಿಂಗಿದ್ದಿಲ್ಲಪ್ಪ,” ಎಂದು ಓರೆಗಣ್ಣಿನಲ್ಲಿ ನೋಡಿದಳು. ನಾನು ನಗಲಿಲ್ಲ.

ಸೀಗಿ ಹುಣ್ಣಿಮೆಯ ಹೊತ್ತಿಗೆ ಗಿಡಗಳು ಮೈತುಂಬ ಹೂ ಬಿಟ್ಟಿದ್ದವು. ಅಂದು ಬೆಳಿಗ್ಗೆ ಒಲೆಯ ಮುಂದಿನಿಂದಲೇ ಹುಲುಗಮ್ಮ, “ಹಾಲಸ್ವಾಮ್ಯಾರಿಗೂ ನಾಕು ಹೋಳಿಗಿ ಎತ್ತಿಟ್ಟೀನ್ರಿ,” ಎಂದಳು. ಅಷ್ಟೇ ಸಾಕಾಯಿತು. ಎರಡು ಹಿಡಿ ಅಡುಗೆ ಉಪ್ಪು ತಂದು ಡಬ್ಬದ ನೀರಿಗೆ ಸುರಿದು, ಕಲಕಿ, ಜಿನ್ನಿಗೆ ಹೋದೆ.

ಸೀಗಿ ಹುಣ್ಣಿಮೆಗೆ ಹೊಲವೆಂದರೆ ಬಸುರಿ. ಬಯಕೆಯೂಟ ಎಂದು ಬೆಳೆಯ ನಡುವೆಲ್ಲ ಚರಗ ಚೆಲ್ಲುತ್ತಾರೆ. ಹುಲುಗಮ್ಮನಿಗೆ ಇಲ್ಲಿ ಹೊಲವೆಲ್ಲಿ? ಅವಳು ಅನ್ನ, ಕಡುಬು, ಪಲ್ಯ ಎಲ್ಲ ಕಲಸಿ, ಭಕ್ತಿಯಿಂದ ಆ ಜಲ್ಲಿಕಲ್ಲಿನ ಮೇಲೆಯೇ ಚರಗ ಚೆಲ್ಲಿಬಿಟ್ಟಿದ್ದಳು.

ಮೂರನೇ ದಿನಕ್ಕೆ ಪೆಟ್ಟಿಗೆ ಹುಳಿನಾತ ಹೊಡೆಯಿತು, ಗಿಡಗಳು ಜೋತುಬಿದ್ದವು. ಹಾಲಸ್ವಾಮಿ ಬಂದವನೇ, “ಅಯ್ಯೋ, ಅನ್ನ ಚೆಲ್ಲೀರೇನ್ರಿ? ನೀವ ಕೊಂದ್ರಿ ಇವನ್ನ!” ಎಂದು ಸೈಕಲ್ ಹತ್ತಿದ.

ಹುಲುಗಮ್ಮ ಬಂಡೆಯ ಮೇಲೆ ಕುಸಿದು ಕೂತಳು. ನನಗೆ ಖುಷಿಯಾಗಬೇಕಿತ್ತು. ಗಿಡ ಹೋದವು, ಅವನೂ ಹೋದ, ಉಪ್ಪಿನ ಸುದ್ದಿ ಯಾರಿಗೂ ಗೊತ್ತಿಲ್ಲ.

“ನನಗ ಮುಟ್ಟು ನಿಂತು ಎರಡು ತಿಂಗಳಾತ್ರಿ,” ಎಂದಳು ತಲೆ ಎತ್ತದೆ. “ಮೊದಲನೇ ಕಾಯಿ ಬಿಟ್ಟ ದಿನ ನಿಮಗ ಹೇಳಬೇಕಂತಿದ್ದೆ. ಬಸುರಿ ಗಿಡಕ್ಕ ಉಣ್ಣಾಕ ಇಟ್ಟು ಈ ಕೈಲೇ ಕೊಂದೆ. ಇನ್ನ ನನ್ನ ಹೊಟ್ಟ್ಯಾಗಿಂದು ಉಳಿತೈತೇನ್ರಿ?”

ಹೇಳಿದರೆ ಇವಳು ಇನ್ನು ನನ್ನ ಮುಖ ನೋಡಲಿಕ್ಕಿಲ್ಲ. ಹೇಳದಿದ್ದರೆ ಹೆರಿಗೆಯವರೆಗೂ ಹೆದರಿ ಹೆದರಿ ಸವೆಯುತ್ತಾಳೆ.

“ನೀ ಕೊಂದಿಲ್ಲ ಹುಲುಗಿ. ನಾ ಕೊಂದೆ. ಡಬ್ಬಕ್ಕ ಉಪ್ಪು ಹಾಕಿದೆ.”

ಅವಳು ಡಬ್ಬದಲ್ಲಿ ಬೆರಳದ್ದಿ ನಾಲಗೆಗೆ ಮುಟ್ಟಿಸಿ ಥೂ ಎಂದು ಉಗಿದಳು.

“ಯಾಕ?”

“ಅವನ ಮುಂದ ನಕ್ಕಂಗ ನನ್ನ ಮುಂದ ನೀ ನಗವಲ್ಲಿ. ತಡಕೊಳ್ಳಾಕ ಆಗಲಿಲ್ಲ. ನೀ ಅಂದ್ರ ನನಗ ಅಷ್ಟು ಜೀವ.”

“ಗಡಿಗಿಯಂಥ ಮಾರಿ ಮಾಡ್ಕೊಂಡು ಕುಂತವರ ಮುಂದ ಹೆಂಗ ನಗಲಿ? ಎಂಥ ಹೊಟ್ಟಿಕಿಚ್ಚಿನ ಗಂಡಸ್ರಿ ನೀವು!” ಮುಷ್ಟಿ ಹಿಡಿದು ನನ್ನ ಎದೆಗೆ ಎರಡು ಗುದ್ದಿದಳು. ಮೂರನೆಯ ಗುದ್ದಿಗೆ ಕೈ ಅಲ್ಲೇ ಉಳಿಯಿತು. ನಾನು ಹಿಡಿದುಕೊಂಡೆ. ಅವಳು ಅಳುತ್ತಿದ್ದಳು, ಆದರೆ ಆ ಹೆದರಿಕೆ ಇಳಿದಿತ್ತು.

“ಏನು ಬಯಕಿ ಅಂತ ಕೇಳ್ರಿ ನನ್ನ.”

“ಏನು ಬಯಕಿ?”

“ಟಮಾಟಿ. ಪ್ಯಾಟಿದು ಬ್ಯಾಡ. ಇದ ಪೆಟ್ಟಿಗ್ಯಾಗ ನೀವ ನೀರು ಹಾಕಿ ಬೆಳಸಿದ್ದು.”

ಒಂದೊಂದೇ ಕಲ್ಲು ತೊಳೆದೆ. ಡಬ್ಬ ಉಜ್ಜಿದೆ. ಸಂಜೆ ಹಾಲಸ್ವಾಮಿಯ ಮನೆಗೆ ಹೋಗಿ ಕದ ತಟ್ಟಿದೆ.

“ಏನು ಬೇಕು ಯಂಕಣ್ಣ?”

“ಪುಡಿ. ಹಂಗ, ಆ ಪುಸ್ತಕದಾಗ ಏನೈತಿ ಎಲ್ಲಾ ನನಗ ಹೇಳಿಕೊಡ್ರಿ,” ಎಂದು ಕೈ ಮುಗಿದೆ. “ದಿನಾ ನಾನ ಇಲ್ಲಿಗೆ ಬರ್ತೀನಿ. ನೀವು ತ್ರಾಸು ತಗೊಂಡು ನಮ್ಮನಿ ತನಕ ಬರೋದು ಬ್ಯಾಡ.”