ಕೆ.ಆರ್. ಪುರಂ ಬೇರೆ ಊರಲ್ಲ

“ಈ ಪ್ಲಾನ್‌ಗೆ ನಾನು ಸೈನ್ ಮಾಡಲ್ಲ ಸರ್,” ಎಂದಳು ಧನುಶ್ರೀ.

ಇಂದಿರಾನಗರದ ಆ ಪುಟ್ಟ ಕಂಪನಿಯ ಮೀಟಿಂಗ್ ರೂಮಿನಲ್ಲಿ ಎಲ್ಲರೂ ತಲೆ ಎತ್ತಿದರು. ಊರಿನ ನರ್ಸಿಂಗ್ ಹೋಮ್‌ಗಳ ಎಕ್ಸ್-ರೇ, ಸ್ಕ್ಯಾನ್‌ಗಳನ್ನು ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಟ್ಟುಕೊಡುವುದು ಅವರ ಕೆಲಸ. ಬೆಂಕಿಯೋ ನೀರೋ ಆಫೀಸನ್ನೇ ನುಂಗಿದರೂ ಅವು ಉಳಿಯಬೇಕು. ಅದಕ್ಕೆ ಇನ್ನೊಂದು ಪ್ರತಿಯನ್ನು ಎಲ್ಲಿಡಬೇಕು ಎಂಬುದೇ ಅಂದಿನ ಚರ್ಚೆ. 2010ರಲ್ಲಿ ಕ್ಲೌಡ್ ಎಂದರೆ ಅರ್ಧ ಜನ ಕಿಟಕಿಯಾಚೆ ನೋಡುತ್ತಿದ್ದರು.

“ಕೆ.ಆರ್. ಪುರಂ ಬ್ರಾಂಚಲ್ಲಿ ಇಡೋಣ ಅಂದ್ನಲ್ಲಮ್ಮ. ಅದು ಬೇರೆ ಊರೇ ಅಲ್ವಾ?” ಮ್ಯಾನೇಜರ್ ಅಭಿನವ್ ನಕ್ಕರು.

“ನಾನು ದಿನಾ ಅಲ್ಲಿಂದಾನೇ ಬರೋದು ಸರ್. ಬೇರೆ ಊರಿಂದ ಬಂದೆ ಅಂತ ಒಂದಿನಾನೂ ಅನ್ಸಿಲ್ಲ. ಇಲ್ಲಿ ಮುಳುಗೋ ಮಳೇಲಿ ಅದೂ ಮುಳುಗುತ್ತೆ. ಕ್ಲೌಡ್‌ನಲ್ಲಿ ಇಡೋಣ. ಒಂದು ಪ್ರತಿ ಸಿಂಗಪುರದಲ್ಲಿ, ಇನ್ನೊಂದು ಹಾಂಗ್‌ಕಾಂಗಲ್ಲಿ. ಒಂದ್ಕಡೆ ಭೂಕಂಪ ಆದ್ರೂ ಇನ್ನೊಂದ್ಕಡೆ ಇರುತ್ತೆ.”

“ನಚಿಕೇತ, ನೀನೇನಂತೀಯ?” ಅಭಿನವ್ ಕೇಳಿದರು.

ಧನುಶ್ರೀ ಅವನ ಕಡೆ ತಿರುಗಿದಳು. ಆ ಪ್ರಸ್ತಾಪವನ್ನು ಬರೆದದ್ದೇ ಇಬ್ಬರೂ ಸೇರಿ, ವಾರವಿಡೀ, ಒಂದೇ ಕಂಪ್ಯೂಟರಿನ ಮುಂದೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು. ತಾಗಿದಾಗಲೆಲ್ಲ ಸಾರಿ ಎನ್ನುವುದು, ಕೈಯನ್ನು ಮಾತ್ರ ತೆಗೆಯದಿರುವುದು ಅವನ ರೂಢಿ. ಆ ತುಂಟ ಕಣ್ಣುಗಳು ಈಗ ಮೇಜು ಬಿಟ್ಟು ಮೇಲೇಳಲಿಲ್ಲ.

“ಸದ್ಯಕ್ಕೆ... ಕೆ.ಆರ್. ಪುರಂ ಸಾಕೇನೋ ಸರ್.”

ಅವಳ ಕಿವಿ ಬಿಸಿಯಾಯಿತು. ಅಳು ಬರಲಿಲ್ಲ, ರೇಗಿತು.

ಸಂಜೆ ಹೊಸ ತಿಪ್ಪಸಂದ್ರದ ಜ್ಯೂಸ್ ಅಂಗಡಿಯಲ್ಲಿ ಅವನು ಮೆಲ್ಲಗೆ ಶುರುಮಾಡಿದ. “ಅಭಿನವ್ ನಮ್ಮ ಮಾವನ ಫ್ರೆಂಡು ಧನು. ನಿನ್ನ ಪರ ಮಾತಾಡಿದ್ರೆ ನಮ್ಮಿಬ್ರ ವಿಷ್ಯ ಮನೆಗೆ ಗೊತ್ತಾಗ್ಬಿಡುತ್ತೆ.”

“ಗೊತ್ತಾಗ್ಲಿ.”

“ಭಾನುವಾರ ಹುಡುಗಿ ನೋಡೋಕೆ ಹೋಗ್ಬೇಕಂತೆ. ಅದೊಂದು ಮುಗೀಲಿ. ಆಮೇಲೆ ನಿಧಾನವಾಗಿ ಅಮ್ಮನಿಗೆ...”

“ನೋಡ್ಕೊಂಡ್ ಬಾ. ನಿಧಾನವಾಗಿ ಮದ್ವೆನೂ ಆಗ್ಬಿಡು.”

ಅವನು ನಕ್ಕ. ಅವಳು ನಗಲಿಲ್ಲ. ವರ್ಷದಿಂದ ಇದೇ ಕಥೆ. ಅವನು ವಿಮಾ ನೌಕರರ ಕಾಲೊನಿಯ ಬ್ರಾಹ್ಮಣರ ಹುಡುಗ, ಅವಳದು ಕೆ.ಆರ್. ಪುರಂನ ಬೌದ್ಧ ಮನೆ. ಕಾಲೊನಿಯ ತಿರುವು ಬಂದರೆ ಸಾಕು, ಅವನು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಹಿಂದೆ ಉಳಿಯುತ್ತಿದ್ದ. ಅವಳು ಅದನ್ನೂ ಪ್ರೀತಿಯೆಂದೇ ನುಂಗಿಕೊಂಡಿದ್ದಳು.

“ನನ್ನ ಕಣ್ಣು ಚೆನ್ನಾಗಿದೆ ಅಂತ ಹೇಳೋಕೆ ನಿಂಗೆ ಧೈರ್ಯ ಇದೆ. ನನ್ನ ಮಾತು ಸರಿ ಅಂತ ಹೇಳೋಕೆ ಇಲ್ಲ. ಅಂಥ ಪ್ರೀತಿ ನಂಗೆ ಬೇಡ ಕಣೋ.” ಜ್ಯೂಸನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು.

ಮರುದಿನ ಬೆಳಿಗ್ಗೆ ನೇರವಾಗಿ ಅಭಿನವ್ ಮುಂದೆ ನಿಂತಳು. “ಡ್ರಿಲ್ ಮಾಡೋಣ ಸರ್. ಈ ಆಫೀಸ್ ಸುಟ್ಟೋಯ್ತು ಅನ್ಕೊಳ್ಳಿ. ಇಲ್ಲಿರೋದೆಲ್ಲ ಆಫ್ ಮಾಡ್ತೀನಿ. ಕೆ.ಆರ್. ಪುರಂನಿಂದ ಒಂದೇ ಒಂದು ಎಕ್ಸ್-ರೇ ತೆಗೆದು ತೋರ್ಸಿ. ಬಂದ್ರೆ ಸೈನ್ ಮಾಡ್ತೀನಿ. ಬರ್ಲಿಲ್ಲ ಅಂದ್ರೆ ನನ್ನ ಪ್ರಸ್ತಾಪಕ್ಕೆ ನೀವು ಸೈನ್ ಮಾಡ್ಬೇಕು.”

“ಹಟಮಾರಿ ಕಣಮ್ಮ ನೀನು. ಆಯ್ತು, ಮಾಡು.”

ಶನಿವಾರ ಮಧ್ಯಾಹ್ನ ಎಲ್ಲರ ಕಣ್ಣೆದುರೇ ಅವಳು ಒಂದೊಂದೇ ಯಂತ್ರವನ್ನು ಆಫ್ ಮಾಡಿದಳು. ಹಲಸೂರಿನ ನರ್ಸಿಂಗ್ ಹೋಮಿನಿಂದ ಡಾಕ್ಟರ್ ಅಜ್ಮತ್ ಫೋನಿನಲ್ಲಿದ್ದರು, ಕೆ.ಆರ್. ಪುರಂನ ಪ್ರತಿಯಿಂದ ಎಕ್ಸ್-ರೇ ತೆರೆಯಲು ನೋಡುತ್ತಾ. “ಏನೂ ಕಾಣ್ತಿಲ್ಲಮ್ಮ. ಸ್ಕ್ರೀನ್ ಪೂರಾ ಖಾಲಿ.”

“ಕೆ.ಆರ್. ಪುರಂನಲ್ಲಿ ಕರೆಂಟ್ ಹೋಗಿರ್ಬೇಕು,” ಎಂದರು ಅಭಿನವ್.

“ಕರೆಂಟ್ ಇದೆ ಸರ್.” ನಚಿಕೇತ ಎದ್ದು ನಿಂತ. “ಪ್ರತಿನೂ ಭದ್ರವಾಗಿದೆ. ಆದ್ರೆ ಕೆ.ಆರ್. ಪುರಂಗೆ ಇಂಟರ್ನೆಟ್ ಹೋಗೋದೇ ಈ ಆಫೀಸಿನ ಮೂಲಕ. ಖರ್ಚು ಉಳೀಲಿ ಅಂತ ನಾವೇ ಹಂಗೆ ಮಾಡಿದ್ದು. ಇದು ಹೋದ್ರೆ ಅದೂ ಹೋದಂಗೆ. ಮೀಟಿಂಗ್ ದಿನಾನೇ ನಂಗೆ ಗೊತ್ತಿತ್ತು. ಹೆದರ್ಕೊಂಡು ಸುಮ್ನಿದ್ದೆ. ಧನುಶ್ರೀ ಹೇಳಿದ್ದೇ ಸರಿ.”

ಆಮೇಲೆ ಅವಳನ್ನೇ ನೋಡಿದ, ಎಲ್ಲರೆದುರು, ಕಣ್ಣು ತಗ್ಗಿಸದೆ.

“ಇನ್ನೊಂದ್ ವಿಷ್ಯ ಸರ್. ನಾನು ಇವಳನ್ನ ಪ್ರೀತಿಸ್ತೀನಿ. ನಮ್ಮ ಮಾವನಿಗೆ ಹೇಳೋದಾದ್ರೆ ಈಗ್ಲೇ ಫೋನ್ ಮಾಡಿ.”

ಧನುಶ್ರೀಗೆ ಸ್ವಿಚ್ಚುಗಳನ್ನು ಮತ್ತೆ ಹಾಕಬೇಕೆಂಬುದೇ ಮರೆತುಹೋಯಿತು. ಅಭಿನವ್ ಪ್ರಸ್ತಾಪಕ್ಕೆ ಸಹಿ ಹಾಕಿದರು. ಹಾಕಿದವರೇ ಮೊಬೈಲ್ ತೆಗೆದುಕೊಂಡು ಹೊರಗೆ ಹೋದರು.

ಇವರಿಬ್ಬರೂ ಕಾಲೊನಿಗೆ ಬರುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿತ್ತು. ನಚಿಕೇತನ ತಾಯಿ ಶಾಂತಕುಮಾರಿ ಬಾಗಿಲಿಗೆ ಅಡ್ಡವಾಗಿ ನಿಂತು ಧನುಶ್ರೀಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಧನುಶ್ರೀ ಕೂಡ ನೋಡಿದಳು.

“ನಾಳೆ ಹುಡುಗಿ ಮನೆಯವ್ರಿಗೆ ಬರ್ತೀವಿ ಅಂತ ಮಾತು ಕೊಟ್ಟಿದೀನಿ. ಈ ಮನೇಲಿ ಇದು ಆಗಲ್ಲ ಕಣೋ.”

“ನಾಳೆ ನಾನು ಬರಲ್ಲಮ್ಮ. ಇದು ಈ ಮನೇಲಿ ಆಗ್ದಿದ್ರೆ ಬೇರೆ ಮನೇಲಿ ಆಗುತ್ತೆ. ಅಲ್ಲಿಗೆ ನೀನು ಯಾವಾಗ್ ಬೇಕಾದ್ರೂ ಬರ್ಬೋದು.”

ಶಾಂತಕುಮಾರಿ ಒಳಗೆ ಕರೆಯಲಿಲ್ಲ. ಬಾಗಿಲನ್ನೂ ಹಾಕಿಕೊಳ್ಳಲಿಲ್ಲ. ಅವರ ಕಣ್ಣು ತುಂಬಿದ್ದನ್ನು ಧನುಶ್ರೀ ಕಂಡಳು. ಆದರೆ ಹಿಂದೆ ಸರಿಯುವ ಮನಸ್ಸಾಗಲಿಲ್ಲ.

ಬೀದಿಗಿಳಿದಾಗ ನಚಿಕೇತ ಅವಳ ಕೈ ಹಿಡಿದ. ಎದುರುಮನೆಯ ಸುಭದ್ರಮ್ಮ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ, ಹಸಿ ಸೀರೆ ಹಿಡಿದುಕೊಂಡೇ ನಿಂತುಬಿಟ್ಟರು.

“ಈಗೆಲ್ಲಿಗೆ?” ಕೇಳಿದಳು ಧನುಶ್ರೀ.

“ನಿಮ್ಮನೆಗೆ. ನಿಮ್ಮಪ್ಪನ್ನ ಕೇಳ್ತೀನಿ.”

ಅವಳು ನಡುಬೀದಿಯಲ್ಲೇ ನಿಂತಳು. “ಆಫೀಸಿಗೆ ಹೇಳ್ದೆ. ಅಮ್ಮನಿಗೆ ಹೇಳ್ದೆ. ಈಗ ನಮ್ಮಪ್ಪನ್ನ ಕೇಳ್ತೀಯಂತೆ. ನನ್ನ ಯಾವಾಗ ಕೇಳ್ತೀಯ?”

ಅವನ ಮುಖ ಕೆಂಪಾಯಿತು. “ಇಲ್ಲೇನಾ? ಎಲ್ರೂ ನೋಡ್ತಿದಾರೆ ಧನು.”

“ಅದಕ್ಕೇ ಇಲ್ಲಿ.”

ನಚಿಕೇತ ಸುತ್ತ ಒಮ್ಮೆ ನೋಡಿದ. ಸುಭದ್ರಮ್ಮನಿಗೂ ಕೇಳಿಸುವಂತೆ ಕೇಳಿದ: “ನನ್ನ ಮದ್ವೆ ಆಗ್ತೀಯಾ?”

“ಆಗ್ತೀನಿ,” ಎಂದಳು ಧನುಶ್ರೀ, ಅವನಿಗಿಂತ ಗಟ್ಟಿಯಾಗಿ.